ನೀರಿನ ಮೇಲಿನ ಕಾಮನಬಿಲ್ಲು: ನ್ಯೂಯಾರ್ಕ್ ಬಂದರಿನ ಎಣ್ಣೆಯ ಕಥೆ

ಬೇಸಿಗೆ ಬಂತೆಂದರೆ ನಮ್ಮ ಸಂಘದ ಹಲವು ಕುಟುಂಬಗಳು ಬಾರ್ನೆಗಟ್ ಕೊಲ್ಲಿ, ರಾರಿಟನ್ ಕೊಲ್ಲಿ, ಹೊಪ್ಯಾಟ್‌ಕಾಂಗ್ ಸರೋವರಗಳತ್ತ ದೋಣಿ ವಿಹಾರಕ್ಕೆ ಹೊರಡುವುದು ಈಗ ರೂಢಿಯಾಗಿದೆ. ಅಂಥದೊಂದು ವಿಹಾರದ ದಿನ ದೋಣಿಕಟ್ಟೆಯಲ್ಲಿ ಇಂಧನ ತುಂಬಿಸುತ್ತಿದ್ದಾಗ, ಇನ್ನೂ ಸ್ವಲ್ಪ ಹಿಡಿಯುತ್ತದೆ ಎಂದು ನಾವು ಪಂಪಿನ ಕೈಯನ್ನು ಬಿಡದೆ ಒತ್ತಿದೆವು. ದೋಣಿಯ ಪಕ್ಕದ ಗಾಳಿಕಿಂಡಿಯಿಂದ ಪೆಟ್ರೋಲು ಚಿಮ್ಮಿ ನೀರಿಗೆ ಬಿದ್ದಿತು. ಹೆಚ್ಚೆಂದರೆ ಒಂದು ಲೋಟದಷ್ಟು. ಕ್ಷಣಮಾತ್ರದಲ್ಲಿ ನೀರಿನ ಮೇಲೆ ಏಳು ಬಣ್ಣಗಳು ಹರಡಿದವು. ಮಕ್ಕಳು ಕಾಮನಬಿಲ್ಲು ಎಂದು ಕೈತಟ್ಟಿ ನಕ್ಕರು. ಬಾಲ್ಯದಲ್ಲಿ ಊರಿನ ಪೆಟ್ರೋಲ್ ಬಂಕಿನ ಮುಂದೆ ನಿಂತ ಮಳೆನೀರಿನಲ್ಲಿ ಇದೇ ಬಣ್ಣಗಳನ್ನು ಕಂಡು ಹಿಗ್ಗಿದ್ದುದು ನಮಗೂ ನೆನಪಾಯಿತು.

ನಮ್ಮಲ್ಲೊಬ್ಬರು ಬುತ್ತಿಯ ಚೀಲದಿಂದ ಪಾತ್ರೆ ತೊಳೆಯುವ ಸೋಪಿನ ಬಾಟಲಿಯನ್ನು ಹೊರತೆಗೆದರು. ಕಟ್ಟೆಯ ವಯೋವೃದ್ಧ ಕೆಲಸಗಾರರು ಓಡಿಬಂದು ಅದನ್ನು ತಡೆದರು. ಎಣ್ಣೆ ಹೀರುವ ಬಿಳಿಯ ಹಾಸುಗಳನ್ನು ನೀರಿನ ಮೇಲೆ ಹರಡಿ, ಈಗ ಸರಕಾರಕ್ಕೆ ಕರೆ ಮಾಡಬೇಕು ಎಂದರು. ಒಂದು ಲೋಟಕ್ಕೆ ಇಷ್ಟೆಲ್ಲ ಏಕೆ ಎಂದು ಅಂದು ನಾವು ಒಳಗೊಳಗೇ ಗೊಣಗಿಕೊಂಡೆವು. ಅನಂತರ ಈ ಬಂದರಿನ ಚರಿತ್ರೆಯನ್ನು ಓದುತ್ತ ಹೋದಂತೆ ಆ ಗೊಣಗಾಟ ನಿಂತಿತು. ಓದಿ ತಿಳಿದುದನ್ನು ಸದಸ್ಯರೊಡನೆ ಹಂಚಿಕೊಳ್ಳುವುದಕ್ಕಾಗಿ ಈ ಬರಹ.

ಸೀಮೆಎಣ್ಣೆಯ ಕಾಲ

ಬ್ರೂಕ್ಲಿನ್ ಮತ್ತು ಕ್ವೀನ್ಸ್ ನಡುವೆ ಹರಿಯುವ ನ್ಯೂಟೌನ್ ಕ್ರೀಕ್ ಎಂಬ ಕಿರುತೊರೆಯ ಪರಿಸರದಲ್ಲಿ, 19ನೆಯ ಶತಮಾನದ ಉತ್ತರಾರ್ಧದಲ್ಲಿ ಎಣ್ಣೆ ಶುದ್ಧೀಕರಣದ ಕಾರ್ಖಾನೆಗಳು ಒಂದರ ಪಕ್ಕ ಒಂದರಂತೆ ಎದ್ದವು. ಗ್ರೀನ್‌ಪಾಯಿಂಟಿನಲ್ಲಿ ಚಾರ್ಲ್ಸ್ ಪ್ರ್ಯಾಟ್ ಎಂಬವರು ಸ್ಥಾಪಿಸಿದ ಆಸ್ಟ್ರಲ್ ಆಯಿಲ್ ಕಾರ್ಖಾನೆ ಅವುಗಳಲ್ಲಿ ಹೆಸರಾದುದು. ಮುಂದೆ ಅದು ರಾಕ್‌ಫೆಲ್ಲರರ ಸ್ಟ್ಯಾಂಡರ್ಡ್ ಆಯಿಲ್ ಸಂಸ್ಥೆಯಲ್ಲಿ ಲೀನವಾಯಿತು. ಆಗ ಜನರಿಗೆ ಬೇಕಾಗಿದ್ದುದು ದೀಪಕ್ಕೆ ಸೀಮೆಎಣ್ಣೆ. ಅದನ್ನು ತೆಗೆಯುವಾಗ ಜೊತೆಗೆ ಬರುತ್ತಿದ್ದ ಪೆಟ್ರೋಲಿಗೆ, ಅಂದರೆ ಇಲ್ಲಿನವರು ‘ಗ್ಯಾಸ್’ ಎನ್ನುವ ದ್ರವಕ್ಕೆ, ಹೇಳಿಕೊಳ್ಳುವಂಥ ಗಿರಾಕಿಯೇ ಇರಲಿಲ್ಲ. ಮೋಟಾರು ವಾಹನ ಇನ್ನೂ ಬಂದಿರದ ಆ ದಿನಗಳಲ್ಲಿ ಅದನ್ನು ಎಷ್ಟೋ ಕಡೆ ಕಸವೆಂದು ಬಗೆದು ಹತ್ತಿರದ ಹೊಳೆಗೆ ಬಿಡುತ್ತಿದ್ದರು.

ಸೋರಿದ್ದೆಲ್ಲವೂ ಹೊಳೆಗೆ ಹೋಗಲಿಲ್ಲ, ನೆಲವೂ ಕುಡಿಯಿತು. 1978ರಲ್ಲಿ ಕೋಸ್ಟ್ ಗಾರ್ಡ್ ಪಡೆಯ ಹೆಲಿಕಾಪ್ಟರೊಂದು ನ್ಯೂಟೌನ್ ಕ್ರೀಕಿನ ಮೇಲೆ ಹಾರುತ್ತಿದ್ದಾಗ ದಂಡೆಯಿಂದ ಎಣ್ಣೆ ಒಸರುತ್ತಿರುವುದು ಕಣ್ಣಿಗೆ ಬಿದ್ದಿತು. ಪರಿಶೀಲಿಸಿದಾಗ ಗ್ರೀನ್‌ಪಾಯಿಂಟಿನ 50 ಎಕರೆಗೂ ಮಿಕ್ಕಿದ ನೆಲದಡಿಯಲ್ಲಿ ಎಣ್ಣೆ ತುಂಬಿಕೊಂಡಿರುವುದು ಬೆಳಕಿಗೆ ಬಂತು. ಮೊದಲ ಅಂದಾಜು 1 ಕೋಟಿ 70 ಲಕ್ಷ ಗ್ಯಾಲನ್. ಇದು ಯಾವುದೋ ಒಂದು ದಿನ ಹಡಗು ಒಡೆದು ಆದ ಅನಾಹುತವಲ್ಲ. ಹತ್ತಾರು ವರ್ಷಗಳ ಕಾಲ ತೊಟ್ಟಿ, ಕೊಳವೆ, ತಿರುಪುಗಳಿಂದ ಸೋರುತ್ತ ಬಂದುದರ ಒಟ್ಟು ಮೊತ್ತ ಇದು. ಆ ಕಾರ್ಖಾನೆಗಳಲ್ಲಿ ದುಡಿದವರು ‘ಇಷ್ಟೇ ತಾನೆ’ ಎಂದು ಎಷ್ಟು ಸಲ ಅಂದುಕೊಂಡಿರಬಹುದೋ!

ಕಾನೂನು ನಡೆದು ಬಂದ ದಾರಿ

ಬಂದರಿಗೆ ಕಸ ಸುರಿಯುವುದನ್ನು ತಡೆಯಲು 1888ರಲ್ಲಿಯೇ ಅಮೆರಿಕದ ಸಂಸತ್ತು ನ್ಯೂಯಾರ್ಕ್ ಬಂದರಿಗೆಂದು ಪ್ರತ್ಯೇಕ ಕಾಯಿದೆಯನ್ನು ಮಾಡಿ, ನೌಕಾಪಡೆಯ ಅಧಿಕಾರಿಯೊಬ್ಬರನ್ನು ಬಂದರಿನ ಮೇಲ್ವಿಚಾರಕರನ್ನಾಗಿ ನೇಮಿಸಿತು. 1899ರ ಕಾಯಿದೆ ದೇಶದ ಎಲ್ಲ ಸಂಚಾರಯೋಗ್ಯ ಜಲಮಾರ್ಗಗಳಿಗೂ ಅನ್ವಯವಾಯಿತು. ಅದರಲ್ಲೊಂದು ವಿಶೇಷವಿತ್ತು: ತಪ್ಪಿತಸ್ಥರ ಬಗ್ಗೆ ಮಾಹಿತಿ ಕೊಟ್ಟವರಿಗೆ ದಂಡದ ಅರ್ಧದಷ್ಟು ಬಹುಮಾನ. 1924ರಲ್ಲಿ ಕರಾವಳಿಯ ನೀರಿಗೆ ಹಡಗುಗಳು ಎಣ್ಣೆ ಬಿಡುವುದನ್ನು ನಿಷೇಧಿಸುವ ಇನ್ನೊಂದು ಕಾಯಿದೆ ಬಂತು. ಆದರೂ ಕಾಗದದ ಮೇಲಿನ ಕಾನೂನು ನೀರಿಗೆ ಇಳಿಯಲು ಬಹುಕಾಲ ಹಿಡಿಯಿತು.

1966ರಲ್ಲಿ ಎರಡು ಮಹತ್ವದ ಸಂಗತಿಗಳು ನಡೆದವು. ಮೊದಲನೆಯದು ಸರ್ವೋಚ್ಚ ನ್ಯಾಯಾಲಯದ ಒಂದು ತೀರ್ಪು. ಫ್ಲಾರಿಡಾದಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ತಾಣವೊಂದರಲ್ಲಿ ಮುಚ್ಚಬೇಕಾದ ಕವಾಟ ತೆರೆದೇ ಉಳಿದು, ವಿಮಾನಕ್ಕೆ ಬಳಸುವ ಉತ್ತಮ ದರ್ಜೆಯ ಪೆಟ್ರೋಲು ಸೇಂಟ್ ಜಾನ್ಸ್ ನದಿಯ ಪಾಲಾಗಿತ್ತು. ಕಾಯಿದೆ ನಿಷೇಧಿಸಿರುವುದು ಕಸವನ್ನು. ಮಾರಾಟಕ್ಕಿಟ್ಟ ಬೆಲೆಬಾಳುವ ಪೆಟ್ರೋಲು ಕಸವಾಗುವುದು ಹೇಗೆ ಎಂಬುದು ಕಂಪನಿಯ ವಾದ. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ತೊಟ್ಟಿಯಲ್ಲಿದ್ದಾಗ ಅದರ ಬೆಲೆ ಎಷ್ಟೇ ಇರಲಿ, ನೀರಿಗೆ ಬಿದ್ದ ಮೇಲೆ ಅದು ಮಾಡುವ ಕೇಡು ಒಂದೇ ಎಂಬುದು ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಬರೆದ ಬಹುಮತದ ತೀರ್ಪಿನ ಸಾರ. ಬೇಕೆಂದು ಸುರಿದದ್ದಲ್ಲ, ಕೈತಪ್ಪಿ ಆದದ್ದು ಎಂಬುದೂ ಕಂಪನಿಯನ್ನು ಉಳಿಸಲಿಲ್ಲ.

ಎರಡನೆಯದು ನಮ್ಮ ಹಡ್ಸನ್ ನದಿಯ ದಂಡೆಯದು. ಕ್ರೋಟನ್ ಬಳಿಯ ರೈಲು ಯಾರ್ಡಿನ ಕೊಳವೆಯೊಂದರಿಂದ ಎಣ್ಣೆ ನದಿಗೆ ಹರಿಯುತ್ತಿತ್ತು. ಅಲ್ಲಿ ಹಿಡಿದ ಶ್ಯಾಡ್ ಮೀನಿಗೆ ಡೀಸೆಲಿನ ರುಚಿ ಹತ್ತಿ, ಮ್ಯಾನ್‌ಹಾಟನ್‌ನ ಫುಲ್ಟನ್ ಮೀನುಪೇಟೆಯಲ್ಲಿ ಕೊಳ್ಳುವವರಿಲ್ಲದಾಯಿತು. ಕಸುಬು ಕೆಟ್ಟ ಬೆಸ್ತರು, ಪತ್ರಕರ್ತ ರಾಬರ್ಟ್ ಬಾಯ್ಲ್ ಅವರೊಡನೆ ಕೂಡಿ 1966ರಲ್ಲಿ ಹಡ್ಸನ್ ನದಿ ಬೆಸ್ತರ ಸಂಘವನ್ನು ಕಟ್ಟಿದರು. ಧೂಳು ಹಿಡಿದಿದ್ದ 1888 ಮತ್ತು 1899ರ ಕಾಯಿದೆಗಳನ್ನು ಹುಡುಕಿ ತೆಗೆದವರು ಬಾಯ್ಲ್. ಆ ದಶಕದ ಕೊನೆಯಲ್ಲಿ ಪೆನ್ ಸೆಂಟ್ರಲ್ ರೈಲು ಕಂಪನಿಯ ಆ ಕೊಳವೆ ಮುಚ್ಚಿತು. ದಂಡದ ಪಾಲಾಗಿ 2,000 ಡಾಲರ್ ಬೆಸ್ತರ ಸಂಘದ ಕೈಸೇರಿತು. ಇಂದಿನ ‘ರಿವರ್‌ಕೀಪರ್’ ಸಂಸ್ಥೆಯ ಮೂಲ ಇದೇ ಸಂಘ.

ಎಷ್ಟು ಎಣ್ಣೆ ಬಿದ್ದರೆ ಅಪರಾಧ ಎಂಬ ಪ್ರಶ್ನೆಗೆ 1970ರಲ್ಲಿ ಕೇಂದ್ರ ಸರಕಾರ ಬಹು ಸರಳವಾದ ಉತ್ತರ ಕೊಟ್ಟಿತು. ಗ್ಯಾಲನ್ನಿನ ಲೆಕ್ಕವಿಲ್ಲ, ನೀರಿನ ಮೇಲೆ ಬಣ್ಣದ ಪೊರೆ ಕಂಡರೆ ಸಾಕು. 1972ರ ಶುದ್ಧ ಜಲ ಕಾಯಿದೆಯ ಅಡಿಯಲ್ಲಿ ಈ ನಿಯಮ ಇಂದಿಗೂ ಜಾರಿಯಲ್ಲಿದೆ. ಆ ಪೊರೆ ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾಗಿದ್ದರೂ ಬಣ್ಣ ಕಾಣುತ್ತದೆ. ಆ ಲೆಕ್ಕದಲ್ಲಿ 200 ಮಿಲಿಲೀಟರಿನ ಒಂದು ಲೋಟ ಎಣ್ಣೆ ಎರಡು ಟೆನಿಸ್ ಅಂಕಣಗಳನ್ನು ಮುಚ್ಚಬಲ್ಲದು. ನಮ್ಮ ಮಕ್ಕಳು ಕೈತಟ್ಟಿದ ಕಾಮನಬಿಲ್ಲೇ ಕಾನೂನಿನ ಅಳತೆಗೋಲು.

ಎಚ್ಚರಿಕೆಯ ಗಂಟೆ

1990ರ ಹೊಸ ವರ್ಷದ ದಿನ ಸ್ಟೇಟನ್ ದ್ವೀಪ ಮತ್ತು ನ್ಯೂಜೆರ್ಸಿಯ ನಡುವಣ ಆರ್ಥರ್ ಕಿಲ್ ಜಲಮಾರ್ಗದಲ್ಲಿ ಎಕ್ಸಾನ್ ಕಂಪನಿಯ ಕೊಳವೆಯೊಂದು ಬಿರಿದು, ಸುಮಾರು 5 ಲಕ್ಷ 67 ಸಾವಿರ ಗ್ಯಾಲನ್ ಎಣ್ಣೆ ನೀರು ಸೇರಿತು. ನೂರಾರು ಹಕ್ಕಿಗಳು ಸತ್ತವು. ಸೋರಿಕೆಯನ್ನು ತಿಳಿಸುವ ವ್ಯವಸ್ಥೆ ಇತ್ತು. ಆದರೆ ಸುಳ್ಳು ಎಚ್ಚರಿಕೆ ಕೊಡುತ್ತದೆ ಎಂಬ ಕಾರಣಕ್ಕೆ ಅದರ ಮಾತನ್ನು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದರು. ವೈದ್ಯವೃತ್ತಿಯವರಾದ ನಮಗೆ ಇದು ಪರಿಚಿತ ರೋಗ. ತೀವ್ರ ನಿಗಾ ಘಟಕದಲ್ಲಿ ಸದಾ ಕೂಗುವ ಯಂತ್ರದ ದನಿ ಕೆಲವೇ ದಿನಗಳಲ್ಲಿ ಕೇಳಿಸದಂತಾಗುತ್ತದೆ. ನಿಜವಾಗಿ ಕೂಗಿದ ದಿನವೂ ಕೇಳಿಸುವುದಿಲ್ಲ. ದೋಣಿಯಲ್ಲಿಯೂ ಹಾಗೆಯೇ. ತೊಟ್ಟಿ ತುಂಬುತ್ತ ಬಂದಂತೆ ಗಾಳಿಕಿಂಡಿಯ ಸದ್ದು ಬದಲಾಗುತ್ತದೆ. ಅಂದು ಹರಟೆಯ ನಡುವೆ ನಾವು ಅದನ್ನು ಕೇಳಿಸಿಕೊಳ್ಳಲಿಲ್ಲ.

ನಮ್ಮ ದೋಣಿಗೆ ಬಂದರೆ

ಕಾರಿಗೂ ದೋಣಿಗೂ ಇರುವ ವ್ಯತ್ಯಾಸವನ್ನು ಮೊದಲು ಅರಿಯಬೇಕು. ಪಂಪು ತಾನೇ ನಿಲ್ಲುತ್ತದೆ ಎಂಬ ಕಾರಿನ ನಂಬಿಕೆ ದೋಣಿಯಲ್ಲಿ ಸಲ್ಲದು; ಅದು ನಿಲ್ಲುವ ಮೊದಲೇ ಗಾಳಿಕಿಂಡಿಯಿಂದ ಇಂಧನ ಹೊರಬರಬಹುದು. ಆದುದರಿಂದ ತೊಟ್ಟಿಯಲ್ಲಿ ಎಷ್ಟಿದೆ, ಇನ್ನೆಷ್ಟು ಬೇಕು ಎಂದು ಮೊದಲೇ ಲೆಕ್ಕ ಹಾಕಿ, ನಿಧಾನವಾಗಿ ಹರಿಸಿ, ಹತ್ತರಲ್ಲಿ ಒಂಬತ್ತು ಪಾಲು ತುಂಬಿದೊಡನೆ ನಿಲ್ಲಿಸಬೇಕು. ಪೆಟ್ರೋಲು ಬಿಸಿಲಿಗೆ ಹಿಗ್ಗುತ್ತದೆ: 20 ಗ್ಯಾಲನ್ ಪೆಟ್ರೋಲು 20 ಡಿಗ್ರಿ ಫ್ಯಾರನ್‌ಹೀಟಿನಷ್ಟು ಬೆಚ್ಚಗಾದರೆ ಸುಮಾರು ಮುಕ್ಕಾಲು ಲೀಟರು ಹೆಚ್ಚುತ್ತದೆ. ಜಾಗವಿಲ್ಲದಿದ್ದರೆ ಅದು ಹೋಗುವುದು ನೀರಿಗೇ. ಗಾಳಿಕಿಂಡಿಯ ಬಳಿ ಹೀರುವ ಹಾಸನ್ನು ಹಿಡಿದಿರಬೇಕು. ಎತ್ತಿ ಒಯ್ಯಬಹುದಾದ ತೊಟ್ಟಿಯನ್ನು ದೋಣಿಯಿಂದ ಇಳಿಸಿ, ಕಟ್ಟೆಯ ಮೇಲಿಟ್ಟು ತುಂಬಿಸಬೇಕು.

ಬೆಂಕಿಯ ಭಯವೂ ಇದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ದೋಣಿಯ ತಳದಲ್ಲಿ ಕುಳಿತು ಕಿಡಿಗಾಗಿ ಕಾಯುತ್ತದೆ. ಹೀಗಾಗಿಯೇ 1940ರ ಮೋಟಾರು ದೋಣಿ ಕಾಯಿದೆ ತಳಭಾಗಕ್ಕೆ ಗಾಳಿಯಾಡುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ತುಂಬಿಸುವಾಗ ಎಲ್ಲರೂ, ಮುಖ್ಯವಾಗಿ ಮಕ್ಕಳು, ದೋಣಿಯಿಂದ ಇಳಿದಿರಬೇಕು. ಎಂಜಿನು, ಒಲೆ, ವಿದ್ಯುತ್ ಉಪಕರಣಗಳು ಆರಿರಬೇಕು. ಬಾಗಿಲು, ಕಿಂಡಿಗಳು ಮುಚ್ಚಿರಬೇಕು. ಮುಗಿದ ಮೇಲೆ ಅವನ್ನು ತೆರೆದು, ತಳದ ಫ್ಯಾನನ್ನು ಕನಿಷ್ಠ 4 ನಿಮಿಷ ಓಡಿಸಿ, ವಾಸನೆಯಿಲ್ಲವೆಂದು ಖಚಿತಪಡಿಸಿಕೊಂಡು ಎಂಜಿನನ್ನು ಹೊರಡಿಸಬೇಕು. ಕೊಳವೆಯನ್ನು ಬಾಯಿಗಿಟ್ಟು ಪೆಟ್ರೋಲು ಎಳೆಯುವ ಊರಿನ ಅಭ್ಯಾಸವನ್ನು ದಯವಿಟ್ಟು ಬಿಡಿ. ಶ್ವಾಸಕೋಶಕ್ಕೆ ಹೋದ ಒಂದು ಗುಟುಕು ಪ್ರಾಣಕ್ಕೇ ಎರವಾಗಬಹುದು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ಸೋಪಿನ ಮಾತು. ಸೋಪು ಎಣ್ಣೆಯನ್ನು ತೊಲಗಿಸುವುದಿಲ್ಲ. ಹನಿಹನಿಯಾಗಿ ಒಡೆದು, ಮೀನಿನ ಮೊಟ್ಟೆ, ಮರಿಗಳಿರುವ ನೀರಿನೊಳಕ್ಕೆ ಇಳಿಸುತ್ತದೆ. ಕಾಣುವ ಸಾಕ್ಷ್ಯವನ್ನು ಮಾತ್ರ ಅಳಿಸುತ್ತದೆ. ಆದ್ದರಿಂದಲೇ ಅದು ಕಾನೂನುಬಾಹಿರ. ಚೆಲ್ಲಿದಾಗ ಮೊದಲು ಹರಿವನ್ನು ನಿಲ್ಲಿಸಿ, ಹಾಸಿನಿಂದ ಹೀರಿಸಿ, ಕಟ್ಟೆಯವರಿಗೆ ತಿಳಿಸಿ, ರಾಷ್ಟ್ರೀಯ ಸ್ಪಂದನ ಕೇಂದ್ರಕ್ಕೆ 1-800-424-8802 ಸಂಖ್ಯೆಯಲ್ಲಿ ಕರೆ ಮಾಡಬೇಕು. ಹಗಲಿರುಳೂ ಅಲ್ಲಿ ಉತ್ತರಿಸುವವರು ಇರುತ್ತಾರೆ.

ಆ ದಿನ ನಾವೂ ಕರೆ ಮಾಡಿದೆವು. ಸ್ಥಳ, ಸಮಯ, ಅಂದಾಜು ಪ್ರಮಾಣ ಕೇಳಿ ಬರೆದುಕೊಂಡರು. ಮುಂದಿನ ವಿಹಾರಗಳಿಗೆ ನಾವೊಂದು ಕಟ್ಟಳೆಯನ್ನು ಮಾಡಿಕೊಂಡಿದ್ದೇವೆ: ಒಬ್ಬರು ಪಂಪು ಹಿಡಿದರೆ ಇನ್ನೊಬ್ಬರು ಗಾಳಿಕಿಂಡಿಯ ಬಳಿ ಹಾಸು ಹಿಡಿದು ನಿಲ್ಲಬೇಕು, ಆ ಹೊತ್ತಿನಲ್ಲಿ ಇಬ್ಬರೂ ಮಾತಾಡಬಾರದು. ಕಳೆದ ಸಲ ಹಾಸು ಹಿಡಿಯುವ ಸರದಿ ಸೋಪಿನ ಬಾಟಲಿ ತೆಗೆದಿದ್ದವರದೇ ಆಗಿತ್ತು. ಹಾಸು ಒಣಗಿಯೇ ಇತ್ತು.