ಲೋಟದ ತಳದ ಅಂಕಿ

ಪ್ಲಾಸ್ಟಿಕ್ ಲೋಟ ಕೊಳ್ಳುವಾಗ ಬಣ್ಣ ನೋಡುತ್ತೇವೆ, ಬೆಲೆ ಕೇಳುತ್ತೇವೆ. ಬೋರಲು ಹಾಕಿ ತಳ ನೋಡುವವರು ಕಡಿಮೆ. ಅಲ್ಲಿರುವ ಪುಟ್ಟ ತ್ರಿಕೋನದೊಳಗಿನ ಅಂಕಿ, 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದವರು ಮರುಬಳಕೆಗಾಗಿ ತಂದ ಗುರುತು. ಪ್ಲಾಸ್ಟಿಕ್ ಯಾವ ಜಾತಿಯದೆಂದು ಅದು ಹೇಳುತ್ತದೆ, ಒಳ್ಳೆಯದೋ ಕೆಟ್ಟದ್ದೋ ಎಂದಲ್ಲ.

7 ಎಂದರೆ ‘ಇತರೆ’. ಗಾಜಿನಂತೆ ಹೊಳೆಯುವ, ಬಿದ್ದರೂ ಒಡೆಯದ ಪಾಲಿಕಾರ್ಬೊನೇಟ್ ಈ ಗುಂಪಿನದು. 1953ರಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಇದು ಮುಂದೆ ಮಕ್ಕಳ ಹಾಲಿನ ಬಾಟಲಿಯೂ ಆಯಿತು. ಇದನ್ನು ತಯಾರಿಸಲು ಬಳಸುವ ಬಿಸ್ಫಿನಾಲ್-ಎ ಸ್ತ್ರೀ ಹಾರ್ಮೋನಿನಂತೆ ವರ್ತಿಸುತ್ತದೆಂದು ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ 1936ರಲ್ಲೇ ತೋರಿಸಿದ್ದರು. ಬಿಸಿ ತಗುಲಿದಾಗ ಅದು ಅಷ್ಟಿಷ್ಟು ಹಾಲಿಗಿಳಿಯುತ್ತದೆ. ಕೆನಡಾ ಅಂಥ ಬಾಟಲಿ ನಿಷೇಧಿಸಿದ್ದು 2010ರಲ್ಲಿ. ನಮ್ಮ ಭಾರತೀಯ ಮಾನಕ ಬ್ಯೂರೋ ಬೇಡವೆಂದದ್ದು 2015ರಲ್ಲಿ. ಇತಿಹಾಸ ಪಾಠ ಮಾಡುವ ನನಗೆ ಈ ಇಸವಿಗಳ ನಡುವಿನ ಅಂತರವೇ ಕಾಡುತ್ತದೆ. ಅಷ್ಟರಲ್ಲಿ ಎಷ್ಟು ಕೂಸುಗಳು ಕುಡಿದವೋ!

ನನ್ನ ಆಯ್ಕೆ 5, ಅಂದರೆ ಪಾಲಿಪ್ರೊಪಿಲೀನ್. 1954ರಲ್ಲಿ ಇಟಲಿಯ ಜೂಲಿಯೊ ನಟ್ಟಾ ಇದಕ್ಕೆ ಗಟ್ಟಿ ರೂಪ ಕೊಟ್ಟರು. ನೋಡಲು ಮಬ್ಬು, ಆದರೆ ಬಿಸಿ ತಾಳುತ್ತದೆ, ಬಿಸ್ಫಿನಾಲ್ ಬೇಡುವುದಿಲ್ಲ. ಮಣ್ಣಿನಲ್ಲಿ ಮಾತ್ರ ಇದೂ ಕೊಳೆಯದು. ವರ್ಷಗಟ್ಟಲೆ ಬಳಸುವುದಾದರಷ್ಟೇ ಕೊಳ್ಳಬೇಕು. ‘ಬಿಸ್ಫಿನಾಲ್-ಎ ಇಲ್ಲ’ ಎಂಬ ಚೀಟಿ ಕಂಡರೂ ನಾನು ತಳ ತಿರುವುತ್ತೇನೆ. ಕೆಲವೆಡೆ ಬದಲಿಗೆ ಬಂದ ಬಿಸ್ಫಿನಾಲ್-ಎಸ್ ಅದರ ಒಡಹುಟ್ಟಿದ ತಂಗಿಯೇ.