ಮಾರಾಟಕ್ಕೆ ಬುತ್ತಿ

ಈಗಿನ ಕನ್ನಡದಲ್ಲಿ ಬುತ್ತಿ ಎಂಬ ಮಾತು ಅಡುಗೆಮನೆಗಿಂತ ಪುಸ್ತಕದಂಗಡಿಯಲ್ಲೇ ಹೆಚ್ಚು ಸಿಗುತ್ತದೆ. ನೆನಪಿನ ಬುತ್ತಿ, ಅನುಭವದ ಬುತ್ತಿ, ಜ್ಞಾನದ ಬುತ್ತಿ. ನಿವೃತ್ತ ಮೇಷ್ಟರ ಲೇಖನಗಳನ್ನು ಒಟ್ಟು ಮಾಡಿದರೆ ಅದಕ್ಕೂ ಒಂದು ಬುತ್ತಿ. ಅನ್ನ ತುಂಬಿದ ಬುತ್ತಿಗೆ ಮಾತ್ರ ಬೇರೆ ಬೇರೆ ಹೆಸರು ಅಂಟಿಕೊಂಡಿವೆ. ಮಗು ಸ್ಕೂಲಿಗೆ ಒಯ್ಯುವುದು ಲಂಚ್ ಬಾಕ್ಸು, ಕೆಲಸಕ್ಕೆ ಹೋಗುವವರದು ಕ್ಯಾರಿಯರ್ರು, ಹೋಟೆಲಿನಿಂದ ತಂದದ್ದು ಪಾರ್ಸೆಲ್ಲು. ರೂಪಕದ ಗದ್ದುಗೆ ಏರಿದ ಪದ ಮತ್ತೆ ಹಳೆಯ ದುಡಿಮೆಗೆ ಇಳಿಯುವುದು ಕಷ್ಟ. ಆದರೆ ತುಮಕೂರು ಜಿಲ್ಲೆಯ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಈ ಪದಕ್ಕೆ ಒಂದು ಕೆಲಸ ಖಾಲಿ ಇದೆ. ಅಲ್ಲಿಗೆ ಬರುವ ಪ್ರವಾಸಿಗರಿಗೆ ಆ ನೆಲದ ಊಟವನ್ನು ಬುತ್ತಿಯೆಂದೇ ಕರೆದು, ಬುತ್ತಿಯಾಗಿಯೇ ಕಟ್ಟಿ, ದುಡ್ಡಿಗೆ ಮಾರಬೇಕು ಎಂಬುದು ನನ್ನ ವಾದ. ‘ಮಾರಬೇಕು’ ಎನ್ನುವಲ್ಲೇ ಹಲವರಿಗೆ ಮುಜುಗರವಾಗುತ್ತದೆ. ಆ ಮುಜುಗರದ ಒಳಗೇನಿದೆ ಎಂಬುದನ್ನೂ ನೋಡಬೇಕು.

ನಿಘಂಟುಗಳು ಬುತ್ತಿಯನ್ನು ಸಂಸ್ಕೃತದ ‘ಭುಕ್ತಿ’ಯ ತದ್ಭವ ಎನ್ನುತ್ತವೆ. ಭುಕ್ತಿ ಎಂದರೆ ಉಣ್ಣುವುದು, ಅನುಭೋಗಿಸುವುದು. ಗುಪ್ತರ ಆಡಳಿತದಲ್ಲಿ ಭುಕ್ತಿ ಎಂದರೆ ಒಂದು ಪ್ರಾಂತ್ಯ. ಬಿಹಾರದ ತೀರಭುಕ್ತಿ ಸವೆದು ಸವೆದು ತಿರ್‌ಹುತ್ ಆಯಿತು. ದೊರೆಯ ಭುಕ್ತಿ ಒಂದು ಸೀಮೆಯಷ್ಟು ದೊಡ್ಡದು, ಕನ್ನಡದ ದಾರಿಹೋಕನಿಗೆ ದಕ್ಕಿದ್ದು ಪಂಚೆಯ ತುದಿಯಲ್ಲಿ ಗಂಟು ಹಾಕುವಷ್ಟು. ಕನ್ನಡಕ್ಕೆ ಬಂದ ಮೇಲೆ ಪದದ ಅರ್ಥ ಕಿರಿದಾಯಿತು, ಹರಿತವೂ ಆಯಿತು. ಉಂಡದ್ದೆಲ್ಲ ಬುತ್ತಿಯಲ್ಲ, ಮನೆಯಾಚೆ ಉಣ್ಣಲೆಂದು ಜೊತೆಗೆ ಒಯ್ದದ್ದು ಮಾತ್ರ ಬುತ್ತಿ. ಬುತ್ತಿಯನ್ನು ಕಟ್ಟುತ್ತಾರೆ, ಬಿಚ್ಚುತ್ತಾರೆ. ಕಟ್ಟಿದ ಕೈಗೂ ಬಿಚ್ಚಿದ ಕೈಗೂ ನಡುವೆ ಒಂದಿಷ್ಟು ದಾರಿ ಇರಲೇಬೇಕು. ಉತ್ತರ ಕರ್ನಾಟಕದಲ್ಲಿ ಹೊಲಕ್ಕೆ ಒಯ್ಯುವ ರೊಟ್ಟಿಪಲ್ಯವೂ ಬುತ್ತಿ, ಕುಬಸಕ್ಕೆ ತವರಿನಿಂದ ಬರುವ ತಿನಿಸೂ ಬುತ್ತಿ, ಲಿಂಗಕ್ಕೆ ಮೊಸರನ್ನ ಮೆತ್ತಿ ಮಾಡುವುದು ಬುತ್ತಿ ಪೂಜೆ. ಶಿರಾ ಮಧುಗಿರಿಗಳ ಕಡೆ ಹೊಲಕ್ಕೆ ಹೋಗುವುದು ‘ಹಿಟ್ಟು’, ಅಂದರೆ ರಾಗಿಮುದ್ದೆ. ಅಲ್ಲಿ ಬುತ್ತಿ ಎಂದೊಡನೆ ಕಣ್ಣಿಗೆ ಬರುವುದು ಜಾತ್ರೆ, ದೇವರ ದಾರಿ, ದೂರದ ನೆಂಟರ ಊರು.

ಈ ಸೀಮೆಯಲ್ಲಿ ನೋಡುವುದಕ್ಕೇನೂ ಬರವಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 3,900 ಅಡಿ ಎತ್ತರ, ಮೈತುಂಬ ಕೋಟೆ. ಅದೇ ತಾಲ್ಲೂಕಿನ ಮಿಡಿಗೇಶಿ, ಕೊರಟಗೆರೆಯ ಚನ್ನರಾಯನದುರ್ಗ, ಪಾವಗಡದ ನಿಡಗಲ್ಲು ಎಲ್ಲವೂ ಹತ್ತಿಯೇ ನೋಡಬೇಕಾದ ದುರ್ಗಗಳು. ಸಿದ್ಧರಬೆಟ್ಟದ ಗುಹೆಗಳು, ಗೊರವನಹಳ್ಳಿಯ ಮಹಾಲಕ್ಷ್ಮಿ, ಪಾವಗಡದ ಶನಿಮಹಾತ್ಮ, ನಾಗಲಮಡಿಕೆಯ ಸುಬ್ರಹ್ಮಣ್ಯ ಇವು ಭಕ್ತರ ದಾರಿ. ಶಿರಾದಲ್ಲಿ 1651ರಲ್ಲಿ ತೀರಿಕೊಂಡ ಮಲಿಕ್ ರಿಹಾನನ ಗೋರಿ ಇದೆ, 1696ರ ಜುಮ್ಮಾ ಮಸೀದಿ ಇದೆ. 1687ರಿಂದ 1757ರವರೆಗೆ ಆ ಊರು ಮೊಗಲರ ಸುಬಾದ ರಾಜಧಾನಿ. ಕಗ್ಗಲಡು ಊರೊಳಗಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಪಾವಗಡದ ತಿರುಮಣಿಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕನ್ನು ಜನ ಕಾರು ನಿಲ್ಲಿಸಿ ನೋಡುತ್ತಾರೆ. ಇವೆಲ್ಲ ಪ್ರವಾಸಿ ಕೈಪಿಡಿಗಳ ‘ಪ್ರೇಕ್ಷಣೀಯ ಸ್ಥಳಗಳು’ ಪಟ್ಟಿಗೆ ಸೇರುವಂಥವು. ಆದರೆ ಪ್ರೇಕ್ಷಣೀಯ ಎಂದ ಮೇಲೆ ಕಣ್ಣಿಗಷ್ಟೇ ಕೆಲಸ, ಹೊಟ್ಟೆಯ ಮಾತೇ ಇಲ್ಲ. ಜಿಲ್ಲೆಯ ರುಚಿ ಯಾವುದು ಎಂದರೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ, ತಿಪಟೂರಿನ ಕೊಬ್ಬರಿ ಎನ್ನುತ್ತಾರೆ. ಈ ನಾಲ್ಕು ತಾಲ್ಲೂಕುಗಳ ಹೆಸರಲ್ಲಿ ಒಂದು ತುತ್ತೂ ಪ್ರಸಿದ್ಧವಾಗಿಲ್ಲ. ಶಿರಾದ ಹೆದ್ದಾರಿಯಲ್ಲಿ ಹೋಟೆಲುಗಳೇನೋ ಸಾಲುಗಟ್ಟಿವೆ, ಅಲ್ಲಿನ ಮೆನು ಹಾವೇರಿಯಲ್ಲೂ ಅದೇ, ನೆಲಮಂಗಲದಲ್ಲೂ ಅದೇ.

ಇದನ್ನು ಕಂಡು, ಬರದ ಸೀಮೆ, ಇಲ್ಲಿ ಊಟದ ಸಂಸ್ಕೃತಿಯೇ ಬೆಳೆಯಲಿಲ್ಲ ಎಂದು ತೀರ್ಪು ಕೊಡುವವರಿದ್ದಾರೆ. ತೀರ್ಪು ತಪ್ಪು, ಏಕೆಂದರೆ ಅವರು ಹುಡುಕುತ್ತಿರುವುದು ಅಂಗಡಿಯನ್ನು. ಇಲ್ಲಿನ ದಾರಿಯ ಊಟ ಅಂಗಡಿಯಲ್ಲಿ ಇರಲಿಲ್ಲ, ಹೆಗಲ ಮೇಲೆ ಇತ್ತು. ತುಮಕೂರಿನಿಂದ ಶಿರಾ ಕಡೆ ಹೋಗುವಾಗ ಸಿಗುವ ಸೀಬಿ ನರಸಿಂಹ ದೇವಾಲಯದ ಸ್ಥಳಪುರಾಣವನ್ನೇ ನೋಡಿ. ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ಹೊರಟ ವ್ಯಾಪಾರಿಯೊಬ್ಬ ಅಲ್ಲಿ ತಂಗಿ ಕಾಳು ಬೇಯಲಿಡುತ್ತಾನೆ. ಪಾತ್ರೆ ಒಂದು ಬಂಡೆಗೆ ತಗಲುತ್ತದೆ, ಒಳಗಿನದೆಲ್ಲ ನೆತ್ತರಿನ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಅದೇ ಬಂಡೆಯಲ್ಲಿ ನರಸಿಂಹನಿದ್ದಾನೆಂದು ತಿಳಿಯುತ್ತದೆ. ಗೋಡೆ, ಸೂರುಗಳ ಚಿತ್ರ ನೋಡಲು ಜನ ಈಗ ಅಲ್ಲಿಗೆ ಹೋಗುತ್ತಾರೆ. ಅಂಥ ಗುಡಿಯ ಕಥೆ ಶುರುವಾಗುವುದು ಪಯಣಿಗನೊಬ್ಬನ ಅಡುಗೆ ಪಾತ್ರೆಯಿಂದ. ಈ ಹಾದಿಯಲ್ಲಿ ನಡೆದವರು ತಮ್ಮ ಕಾಳು ತಾವೇ ತಂದರು, ತಾವೇ ಬೇಯಿಸಿಕೊಂಡರು, ಇಲ್ಲವೇ ಬೇಯಿಸಿ ಕಟ್ಟಿಕೊಂಡೇ ಹೊರಟರು.

ಹಾಗೆ ಕಟ್ಟಿದ್ದರಲ್ಲಿ ಎಂಥ ಲೆಕ್ಕಾಚಾರವಿತ್ತು ಎಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಬುತ್ತಿಗೆಂದು ಮೊಸರನ್ನ ಕಲಸುವವರು ಪೂರಾ ಮೊಸರು ಸುರಿಯುವುದಿಲ್ಲ. ಅನ್ನವನ್ನು ಮೆತ್ತಗೆ ಮಸೆದು, ಕಾಯಿಸಿ ಆರಿಸಿದ ಹಾಲು ಹಾಕಿ, ಒಂದು ಚಮಚ ಮೊಸರು ಬೆರೆಸುತ್ತಾರೆ. ಬೆಳಗಿನ ಬಸ್ಸಿನಲ್ಲಿ ಅದು ಹಾಲನ್ನ, ಮಧ್ಯಾಹ್ನ ಗಂಟು ಬಿಚ್ಚುವ ಹೊತ್ತಿಗೆ ಮೊಸರನ್ನ. ಅಡುಗೆಯ ಕೊನೆಯ ಹಂತವನ್ನು ದಾರಿಗೇ ಬಿಟ್ಟ ತಿನಿಸು ಇದು. ಹುಳಿಯನ್ನದಲ್ಲಿ ಹುಣಸೆಯ ಆಮ್ಲ ಕೆಡುವುದನ್ನು ತಡೆಯುತ್ತದೆ, ಕುದಿಸಿದ ಗೊಜ್ಜಿನಲ್ಲಿ ನೀರಿನಂಶ ಕಡಿಮೆ, ಎಣ್ಣೆ ಅನ್ನದ ಅಗುಳನ್ನು ಒಣಗಲು ಬಿಡುವುದಿಲ್ಲ. ಹುರಿಹಿಟ್ಟಂತೂ ವಾರಗಟ್ಟಲೆ ಇರುತ್ತದೆ. ಬೆಲ್ಲ, ನೀರು ಸಿಕ್ಕರೆ ಊಟ ಸಿದ್ಧ, ಒಲೆಯ ಹಂಗಿಲ್ಲ. ಹುರಿದ ಕಡಲೆಕಾಯಿ ಬೀಜ, ತಂಬಿಟ್ಟು, ಹುಚ್ಚೆಳ್ಳಿನ ಪುಡಿ ಇವೆಲ್ಲ ಅದೇ ಜಾಣ್ಮೆಯವು. ಮೇಲಿನ ಹೊದಿಕೆ ಮುತ್ತುಗದೆಲೆ ಅಥವಾ ಬಾಳೆಲೆ, ಅದರ ಮೇಲೊಂದು ಬಟ್ಟೆ. ಗಮನಿಸಿ, ಈ ಸಾಮಾನುಗಳಲ್ಲಿ ಬಹುಪಾಲು ಈ ತಾಲ್ಲೂಕುಗಳಲ್ಲೇ ಬೆಳೆಯುವಂಥವು: ಮಳೆ ನಂಬಿದ ಹೊಲಗಳ ಕಡಲೆಕಾಯಿ ಮತ್ತು ರಾಗಿ, ಬದುಗಳ ಹುಣಸೆ. ನೀರಿಲ್ಲದ ನೆಲದ ಬೆಳೆ ನೀರಿಲ್ಲದೆ ಬಾಳುವ ತಿನಿಸಾಯಿತು. ಸೆಕೆಗೆ, ನಡಿಗೆಗೆ, ಬೆಟ್ಟಕ್ಕೆ ಇದಕ್ಕಿಂತ ಹೊಂದುವ ಊಟ ಯಾವುದು?

ಜಪಾನಿನವರು ಇಂಥದೇ ಊಟವನ್ನು ಏನು ಮಾಡಿಕೊಂಡರು ಎಂಬುದನ್ನು ಇಲ್ಲಿ ನೆನೆಯಬಹುದು. ಅವರ ‘ಬೆಂಟೊ’ ಕೂಡ ಕಟ್ಟಿಕೊಂಡು ಹೋಗುವ ಅನ್ನ. ಎದೊ ಕಾಲದಲ್ಲಿ ನಾಟಕಶಾಲೆಯ ಅಂಕಗಳ ನಡುವೆ ತಿನ್ನುವುದೇ ಒಂದು ಬಗೆಯಾಯಿತು. ಮಕುನೊಉಚಿ ಎಂಬ ಅದರ ಹೆಸರಿಗೆ ‘ಪರದೆಗಳ ನಡುವೆ’ ಎಂದರ್ಥ. ರೈಲು ಬಂದಾಗ ಬೆಂಟೊ ರೈಲು ಹತ್ತಿತು. 1885ರಲ್ಲಿ ಉತ್ಸುನೊಮಿಯಾ ನಿಲ್ದಾಣದಲ್ಲಿ ಉಪ್ಪು ಹಾಕಿದ ಹುಳಿ ಉಮೆಕಾಯಿಯನ್ನು ಒಳಗಿಟ್ಟ ಅನ್ನದುಂಡೆಗಳನ್ನು ಬಿದಿರಿನ ಪೊರೆಯಲ್ಲಿ ಸುತ್ತಿ ಮಾರಿದ್ದೇ ಮೊದಲು ಎಂಬುದು ಅಲ್ಲಿ ಹೆಚ್ಚು ಜನ ಹೇಳುವ ಕಥೆ. ನಮ್ಮ ಹುಣಸೆ ಮಾಡುವ ಕೆಲಸವನ್ನೇ ಅಲ್ಲಿ ಉಮೆ ಮಾಡುತ್ತದೆ. ಆಮೇಲೆ ಒಂದೊಂದು ನಿಲ್ದಾಣವೂ ತನ್ನ ಸುತ್ತಲ ಬೆಳೆ, ಮೀನು, ಉಪ್ಪಿನಕಾಯಿ ಹಿಡಿದು ತನ್ನದೇ ಪೆಟ್ಟಿಗೆ ಕಟ್ಟಿತು. ತೊಯಾಮಾದಲ್ಲಿ ಒತ್ತಿಟ್ಟ ಮೀನನ್ನ, ಯೊಕೊಕಾವಾದಲ್ಲಿ 1958ರಿಂದ ಮಣ್ಣಿನ ಕುಡಿಕೆಯಲ್ಲಿ ಬಿಸಿ ಅನ್ನ. ಈಗ ಅಲ್ಲಿಗೆ ಹೋದವರು ಊರು ನೋಡುವುದೂ ಆ ಊರಿನ ಪೆಟ್ಟಿಗೆ ಬಿಚ್ಚುವುದೂ ಒಂದೇ ಪ್ರವಾಸದ ಭಾಗ. ಇಷ್ಟಾದರೂ ಅಲ್ಲಿನ ತಾಯಂದಿರು ಮಕ್ಕಳಿಗೆ ಬೆಳಿಗ್ಗೆ ಕಟ್ಟಿಕೊಡುವುದಕ್ಕೂ ಬೆಂಟೊ ಎಂದೇ ಹೆಸರು. ಮಾರಾಟಕ್ಕೆ ಬಂದ ಪದ ಮನೆ ಬಿಟ್ಟು ಹೋಗಲಿಲ್ಲ.

ಇಲ್ಲಿ ಎದುರಾಗುವ ಮೊದಲ ಆಕ್ಷೇಪಣೆ ಗಂಭೀರವಾದದ್ದು. ಬುತ್ತಿಗೆ ಬೆಲೆ ಕಟ್ಟಿದರೆ ಅದು ಬುತ್ತಿಯೇ ಅಲ್ಲ, ಅದು ಪಾರ್ಸೆಲ್ಲು. ಬುತ್ತಿಯಲ್ಲಿ ಇರುವುದು ಅವ್ವನ ಕೈ, ಅಕ್ಕರೆ, ಋಣ. ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಎಂಬ ಗಾದೆಯಲ್ಲೂ ಕೊಟ್ಟವರಿದ್ದಾರೆ, ಕೊಂಡವರಿಲ್ಲ. ಮಾತು ನಿಜ. ಆದರೆ ಬುತ್ತಿಯ ಗಂಟಿನಲ್ಲಿ ಅಕ್ಕರೆ ಒಂದೇ ಇರಲಿಲ್ಲ. ಬೇರೆ ಜಾತಿಯವರು ಬೇಯಿಸಿದ್ದನ್ನು ಮುಟ್ಟಬಾರದೆಂದು ಬುತ್ತಿ ಕಟ್ಟಿಕೊಂಡು ಹೊರಟವರು ಬಹಳ ಜನ. ಹೋಟೆಲಿನ ಒಳಗೆ ಬಿಡುವುದಿಲ್ಲ, ಬಿಟ್ಟರೂ ಲೋಟ ಬೇರೆ ಇಡುತ್ತಾರೆ ಎಂದು ಗೊತ್ತಿದ್ದು ಗಂಟು ಕಟ್ಟಿಕೊಂಡವರು ಇನ್ನೂ ಬಹಳ ಜನ. ಒಂದೇ ಪದದ ಅಡಿಯಲ್ಲಿ ಇವರಿಬ್ಬರೂ ಒಂದೇ ಮರದ ನೆರಳಲ್ಲಿ, ದೂರ ದೂರ ಕೂತು ಉಂಡಿದ್ದಾರೆ. ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಹೆಸರಿಟ್ಟೇ ಹೇಳಬೇಕಾಗಿ ಬಂದದ್ದು ಸುಮ್ಮನೆ ಅಲ್ಲ. ಅಕ್ಕರೆಯ ಬುತ್ತಿಯನ್ನು ಹಾಡಿ ಹೊಗಳುವವರು ಈ ಪುಟವನ್ನು ಹಾರಿಸಿಬಿಡುತ್ತಾರೆ. ದುಡ್ಡು ಕೊಟ್ಟ ಯಾರಿಗಾದರೂ, ಕಟ್ಟಿದವರ ಜಾತಿಯನ್ನೂ ಕೊಂಡವರ ಜಾತಿಯನ್ನೂ ಕೇಳದೆ ಸಿಗುವ ಬುತ್ತಿ, ಈ ವಿಷಯದಲ್ಲಿ ಮನೆಯ ಬುತ್ತಿಗಿಂತ ಚೊಕ್ಕಟ. ಬೆಲೆ ಚೀಟಿ ಅಂಟಿದರೆ ಪದದ ಮಾನ ಹೋಗುವುದಿಲ್ಲ, ಹಳೆಯ ಒಂದಿಷ್ಟು ಕೊಳೆ ಹೋಗುತ್ತದೆ. ಮನೆಯಲ್ಲಿ ಕಟ್ಟುವವರನ್ನು ಯಾರೂ ತಡೆದಿಲ್ಲವಲ್ಲ.

ಎರಡನೆಯದು ಅಷ್ಟು ಭಾರದ್ದಲ್ಲ. ಈ ಸೀಮೆಯ ನಿಜವಾದ ಊಟ ಮುದ್ದೆ, ಹುರುಳಿಸಾರು, ಬಸ್ಸಾರು; ಅದನ್ನು ಬಿಸಿಯಾಗಿ ಉಣ್ಣಬೇಕು, ಅನ್ನದ ಬುತ್ತಿ ಇಲ್ಲಿಗೆ ಪರಕೀಯ ಎನ್ನುತ್ತಾರೆ. ಅನ್ನ ಇಲ್ಲಿ ಬಹುಕಾಲ ಹಬ್ಬದ ಊಟವಾಗಿತ್ತು ಎಂಬುದು ಸರಿ. ಅದಕ್ಕಾಗಿಯೇ ಅದು ಬುತ್ತಿಗೆ ಬಂತು: ದೇವರ ದಾರಿಗೆ ಹೊರಟ ದಿನ ರಾಗಿಯಿಂದ ಒಂದು ದಿನದ ಬಿಡುವು. ಮುದ್ದೆಗೆ ಮೆಸ್ಸುಗಳು ಇರಲಿ, ಅದು ಕೂತು ಉಣ್ಣುವವರ ಊಟ. ಬೆಟ್ಟ ಹತ್ತುವವರಿಗೆ ಬೇಕಾದದ್ದು ಬೇರೆ. ಇನ್ನು ಕ್ಷೇತ್ರಗಳ ದಾಸೋಹವಿದೆಯಲ್ಲ ಎನ್ನುವವರಿಗೂ ಇದೇ ಉತ್ತರ. ಗೊರವನಹಳ್ಳಿಯಲ್ಲಿ ಪ್ರಸಾದದ ಊಟ ಬಂದವರಿಗಾಗಿ ಕಾದಿರುತ್ತದೆ, ಚನ್ನರಾಯನದುರ್ಗದ ನೆತ್ತಿಯಲ್ಲಿ ಯಾರೂ ಕಾದಿರುವುದಿಲ್ಲ. ಮಧುಗಿರಿಯ ಬಂಡೆ ಹತ್ತುವವರು ಈಗ ಒಯ್ಯುವುದು ಚಿಪ್ಸಿನ ಪೊಟ್ಟಣ, ಸಕ್ಕರೆ ನೀರಿನ ಬಾಟಲಿ; ಅದರಲ್ಲಿ ಅರ್ಧ ಕೋತಿಗಳ ಪಾಲು, ಉಳಿದ ಪ್ಲಾಸ್ಟಿಕ್ಕು ಕೋಟೆಯ ಪಾಲು. ಮುತ್ತುಗದೆಲೆಯ ಕಟ್ಟು ಕೊನೆಗೆ ಮಣ್ಣಿಗಾದರೂ ಸೇರುತ್ತದೆ.

ಮೂರನೆಯ ತಕರಾರು ಲೆಕ್ಕದ್ದು. ಜಪಾನಿನ ಪೆಟ್ಟಿಗೆಯನ್ನು ಬೆಳೆಸಿದ್ದು ರೈಲು, ಇಲ್ಲಿ ರೈಲೆಲ್ಲಿ? ತುಮಕೂರು–ರಾಯದುರ್ಗ ಮಾರ್ಗ ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಮುಟ್ಟಬೇಕಾದ್ದು, ಶಿರಾಕ್ಕೆ ತುಮಕೂರು–ದಾವಣಗೆರೆ ಮಾರ್ಗ. ಎರಡರ ಕೆಲಸವೂ ವರ್ಷಗಳಿಂದ ಕುಂಟುತ್ತಿದೆ. ಆದರೆ ಅದೇ ಜಪಾನಿನಲ್ಲಿ 1993ರಿಂದ ‘ಮಿಚಿ ನೊ ಎಕಿ’, ಅಂದರೆ ರಸ್ತೆಯ ನಿಲ್ದಾಣಗಳು, ಶುರುವಾಗಿ ಈಗ 1,200 ದಾಟಿವೆ. ಕಾರಿನವರು ನಿಂತು, ಮುಖ ತೊಳೆದು, ಆ ಹಳ್ಳಿಯ ರೈತರು ತಂದಿಟ್ಟ ತರಕಾರಿ, ಕಟ್ಟಿಟ್ಟ ಊಟ ಕೊಳ್ಳುವ ಜಾಗಗಳು. ಶಿರಾಕ್ಕೆ ರೈಲಿಲ್ಲದಿದ್ದರೂ ಬೆಂಗಳೂರು–ಪುಣೆ ಹೆದ್ದಾರಿ ಇದೆ. ಹುಲಿಕುಂಟೆ ಹೋಬಳಿಯಂಥ ಕಡೆಯ ಹೆಣ್ಣುಮಕ್ಕಳ ಸಂಘಗಳು ಹುಳಿಯನ್ನದ ಗೊಜ್ಜು, ಹುರಿಹಿಟ್ಟು, ಕಡಲೆಬೀಜದ ಚಟ್ನಿಪುಡಿ ಮಾಡುವುದನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ಅವರಿಗೆ ಇಲ್ಲದ್ದು ಹೆದ್ದಾರಿಯ ಪಕ್ಕ ಒಂದು ಮಾಡು, ಬೆಟ್ಟದ ಬುಡದಲ್ಲಿ ಒಂದು ಮೇಜು, ಆಹಾರ ಸುರಕ್ಷತೆಯ ಪರವಾನಗಿಗೆ ಓಡಾಡಿ ಕೊಡುವ ಯಾರಾದರೂ ಒಬ್ಬರು. ಮೊಸರನ್ನ ಬೇಸಿಗೆಯಲ್ಲಿ ಸಂಜೆಯವರೆಗೆ ಉಳಿಯುವುದಿಲ್ಲ ಎಂಬುದು ಗೊತ್ತಿದ್ದದ್ದೇ. ಆದ್ದರಿಂದ ಕಟ್ಟಿದ ಹೊತ್ತನ್ನು ಎಲೆಯ ಮೇಲಿನ ಚೀಟಿಯಲ್ಲಿ ಬರೆಯಬೇಕು, ಮಧ್ಯಾಹ್ನ ಎರಡರ ಮೇಲೆ ಮಾರಬಾರದು.

ಹೆಸರಿನ ವಿಷಯ ಉಳಿಯಿತು. ಬೋರ್ಡಿನ ಮೇಲೆ ‘ಟ್ರೆಕ್ಕಿಂಗ್ ಮೀಲ್ ಬಾಕ್ಸ್’ ಎಂದು ಬರೆಯಲು ಸಲಹೆ ಕೊಡುವವರು ಖಂಡಿತ ಬರುತ್ತಾರೆ, ಬೆಂಗಳೂರಿನ ಗಿರಾಕಿಗೆ ಅದೇ ಅರ್ಥವಾಗುವುದು ಎನ್ನುತ್ತಾರೆ. ಆದರೆ ಮಹಿಳಾ ಸ್ವಸಹಾಯ ಸಂಘಗಳು ನಡೆಸುವ ಹೋಟೆಲುಗಳಿಗೆ ಸರ್ಕಾರ 2024ರಲ್ಲಿ ‘ಅಕ್ಕ ಕೆಫೆ’ ಎಂದು ಹೆಸರಿಟ್ಟಾಗ ಬೆಂಗಳೂರಿನ ಯಾವ ಗಿರಾಕಿಯೂ ಅಕ್ಕ ಎಂದರೇನು ಎಂದು ಕೇಳಲಿಲ್ಲ. ನೆಂಟಸ್ತನದ ಪದವೇ ಬೋರ್ಡು ಹತ್ತಿ, ಕಾಫಿ ಮಾರಿ, ಬಿಲ್ಲು ಕೊಡುತ್ತಿರುವಾಗ ಬುತ್ತಿಗೇಕೆ ಮಡಿ? ‘ಮಧುಗಿರಿ ಬುತ್ತಿ’, ‘ನಿಡಗಲ್ಲು ಬುತ್ತಿ’ ಎಂದೇ ಬರೆಯಲಿ. ಒಂದರಲ್ಲಿ ಹುಳಿಯನ್ನ ಹೆಚ್ಚಿರಲಿ, ಇನ್ನೊಂದರಲ್ಲಿ ತೆಲುಗು ಗಡಿಯ ಖಾರ ಹೆಚ್ಚಿರಲಿ. ಅರ್ಥ ಗೊತ್ತಿಲ್ಲದವರು ಕೇಳಿ ತಿಳಿಯುತ್ತಾರೆ, ಇಲ್ಲವೇ ಬಿಚ್ಚಿ ನೋಡುತ್ತಾರೆ.