ಮೊದಲು ಕಟ್ಟಿದವರ ಹೊಳೆ

ಕಾವೇರಿ ಜಗಳ ಎಂದರೆ ಮಂಡ್ಯ, ಮಂಡ್ಯ ಎಂದರೆ ಭತ್ತ-ಕಬ್ಬಿನ ಹಸಿರು ಎಂಬ ಲೆಕ್ಕ ಬೆಂಗಳೂರಿನವರ ತಲೆಯಲ್ಲೂ ಚೆನ್ನೈನವರ ತಲೆಯಲ್ಲೂ ಗಟ್ಟಿಯಾಗಿ ಕೂತಿದೆ. ಜಿಲ್ಲೆಯೊಳಗಿನ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಬಿಡಿಬಿಡಿಯಾಗಿ ನೋಡಿದರೆ ಈ ಲೆಕ್ಕ ತಪ್ಪುತ್ತದೆ. ಶ್ರೀರಂಗಪಟ್ಟಣದ ನಾಲೆಗಳು ಅರಸರ ಕಾಲದವು. ಕೆ.ಆರ್.ಪೇಟೆಗೆ ಹೇಮಾವತಿಯ ಮೇಲೆ ಹೇಮಗಿರಿ, ಮಂದಗೆರೆಯ ಹಳೆಯ ಅಣೆಗಳಿದ್ದವು. ಪಾಂಡವಪುರದಲ್ಲಿ ತೊಣ್ಣೂರು ಕೆರೆಯಿತ್ತು, ಆಮೇಲೆ ಕನ್ನಂಬಾಡಿ ಕಟ್ಟೆಯ ನಾಲೆ ಬಂತು. ನಾಗಮಂಗಲಕ್ಕೆ ಬಹುಕಾಲ ಇದ್ದದ್ದು ಮಳೆ ಮತ್ತು ಊರೂರಿನ ಕೆರೆ, ಅಷ್ಟೆ. ಎರಡು ರಾಜ್ಯಗಳ ನಡುವೆ ನಡೆದ ಶತಮಾನದ ಕಾದಾಟ ಈ ಅಂತರವನ್ನು ಅಳಿಸಲಿಲ್ಲ, ಗಟ್ಟಿ ಮಾಡಿತು. ಅದು ಹಕ್ಕನ್ನು ಅಳೆದದ್ದು ಯಾರಿಗೆ ನೀರು ಬೇಕು ಎಂದಲ್ಲ, ಯಾರು ಮೊದಲು ಹರಿಸಿಕೊಂಡರು ಎಂದು.

ಶ್ರೀರಂಗಪಟ್ಟಣದ ಬಂಗಾರದೊಡ್ಡಿ ನಾಲೆಯನ್ನೇ ನೋಡಿ. ಹದಿನೇಳನೆಯ ಶತಮಾನದಲ್ಲಿ ರಣಧೀರ ಕಂಠೀರವ ನರಸರಾಜರ ಕಾಲದಲ್ಲಿ ಆದದ್ದು ಎನ್ನುತ್ತಾರೆ. ಕಾವೇರಿಯ ಒಂದು ಕವಲಿಗೆ ಅಡ್ಡ ಕಟ್ಟಿ, ಇನ್ನೊಂದು ಕವಲಿನ ಮೇಲೆ ಮೇಲ್ಗಾಲುವೆ ಹಾಯಿಸಿ, ಹೊಳೆಯ ನೀರನ್ನು ಹೊಳೆಯ ಮೇಲೆಯೇ ದಾಟಿಸಿ ಶ್ರೀರಂಗಪಟ್ಟಣದ ದ್ವೀಪಕ್ಕೆ ತಂದಿದ್ದಾರೆ. ಅದೇ ಶತಮಾನದ ಕೊನೆಗೆ ಚಿಕ್ಕದೇವರಾಜರ ಹೆಸರಿನ ನಾಲೆ ಬಂತು. 1892ರಲ್ಲಿ ಮೈಸೂರು-ಮದ್ರಾಸು ಒಪ್ಪಂದವಾದಾಗ ಇವೆಲ್ಲ ಆಗಲೇ ಹರಿಯುತ್ತಿದ್ದವು, ಆದ್ದರಿಂದ ಅವುಗಳ ತಂಟೆಗೆ ಯಾರೂ ಬರಲಿಲ್ಲ. ಹೊಸದಾಗಿ ಕಟ್ಟಬೇಕೆಂದವರು ಮಾತ್ರ ಮದ್ರಾಸನ್ನು ಕೇಳಬೇಕಾಯಿತು. ಕನ್ನಂಬಾಡಿಯ, ಅಂದರೆ ಇಂದಿನ ಕೃಷ್ಣರಾಜಸಾಗರದ, ವಿಷಯದಲ್ಲಿ ಮದ್ರಾಸು ಮೊದಲಿಗೆ ಒಪ್ಪಿದ್ದು 11 ಟಿಎಂಸಿಯ ಸಣ್ಣ ಜಲಾಶಯಕ್ಕೆ. ಮೈಸೂರು 1911ರಲ್ಲಿ ಕೆಲಸ ಶುರುಮಾಡಿ, ಮುಂದೆ ಏರಿಸಬಹುದಾದ ದೊಡ್ಡ ಕಟ್ಟೆಗೆ ತಕ್ಕಂತೆ ತಳಪಾಯ ಅಗಲವಾಗಿ ಹಾಕಿತು. ಹಟ ಎನ್ನಿ, ಮುಂದಾಲೋಚನೆ ಎನ್ನಿ. ಮಧ್ಯಸ್ಥ ಗ್ರಿಫಿನ್ ಅವರ ಪಂಚಾಯ್ತಿ, ಮೇಲ್ಮನವಿ ಎಲ್ಲ ಮುಗಿದು 1924ರಲ್ಲಿ ರಾಜಿಯಾದಾಗ ಲೆಕ್ಕ ಎಕರೆಗಳಲ್ಲಿ ನಿಂತಿತು: ಕೃಷ್ಣರಾಜಸಾಗರದಿಂದ ಮೈಸೂರಿಗೆ ಹೊಸದಾಗಿ 1,25,000 ಎಕರೆ, ಮೆಟ್ಟೂರಿನಿಂದ ಮದ್ರಾಸಿಗೆ 3,01,000 ಎಕರೆ. ಕಟ್ಟೆಗಾಗಿ ಊರನ್ನೇ ಮುಳುಗಿಸಿಕೊಂಡ ಕನ್ನಂಬಾಡಿಯವರ ಪಾಲು ಎಷ್ಟೆಂದು ಆ ಕಾಗದದಲ್ಲಿ ಹುಡುಕಿದರೆ ಸಿಗುವುದಿಲ್ಲ. ಐವತ್ತು ವರ್ಷ ಕಳೆದು ಕಬಿನಿ ಅಣೆಕಟ್ಟಿಗಾಗಿ ಹಾಡಿ ಬಿಟ್ಟ ಜೇನುಕುರುಬರಿಗೂ ಇದೇ ಗತಿ.

ನಾಗಮಂಗಲ ಈ ಲೆಕ್ಕಕ್ಕೆ ಬಂದದ್ದು ತಡವಾಗಿ. ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ, ಅದೂ ತಮಿಳುನಾಡಿನ ತಕರಾರಿನ ನಡುವೆ. ಅದರ ಶಾಖಾ ನಾಲೆ ಈ ತಾಲ್ಲೂಕಿನ ಕಡೆ ತಿರುಗಿ ನೆಲೆಯೂರುವ ಹೊತ್ತಿಗೆ 1990ರಲ್ಲಿ ಕಾವೇರಿ ನ್ಯಾಯಮಂಡಳಿ ಬಂತು. ಅದರ 1991ರ ಮಧ್ಯಂತರ ಆದೇಶ ತಮಿಳುನಾಡಿಗೆ 205 ಟಿಎಂಸಿ ಬಿಡಿ ಎಂದದ್ದು ಎಲ್ಲರಿಗೂ ನೆನಪಿದೆ, ಬೀದಿಗೆ ಬೆಂಕಿ ಬಿದ್ದದ್ದೂ ಅದಕ್ಕೇ. ಅದೇ ಆದೇಶ ಕರ್ನಾಟಕದ ನೀರಾವರಿ 11.2 ಲಕ್ಷ ಎಕರೆ ದಾಟಕೂಡದು ಎಂದೂ ಹೇಳಿತ್ತು. ಆಗಲೇ ಅಚ್ಚುಕಟ್ಟಿನೊಳಗಿದ್ದ ಶ್ರೀರಂಗಪಟ್ಟಣದವನಿಗೆ ಈ ಮಾತಿನಿಂದ ಅಷ್ಟೇನೂ ಬಾಧಕವಿಲ್ಲ. ತೂಬಿನ ಬಾಗಿಲಲ್ಲಿ ಕಾದು ನಿಂತವನಿಗೆ ಇದಕ್ಕಿಂತ ದೊಡ್ಡ ಪೆಟ್ಟಿಲ್ಲ.

ಬೇರೆ ಬಗೆಯ ಲೆಕ್ಕವೂ ಸಾಧ್ಯವಿತ್ತು. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲೂ ಮೊದಲು ನೀರು ಎತ್ತಿದವನದೇ ಮೊದಲ ಹಕ್ಕು. ಆದರೆ 1908ರ ವಿಂಟರ್ಸ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮೊಂಟಾನಾದ ಬುಡಕಟ್ಟು ಜನರ ವಿಷಯದಲ್ಲಿ ಬೇರೆ ಮಾತು ಹೇಳಿತು: ಅವರಿಗೆ ನೆಲ ಮೀಸಲಿಟ್ಟಾಗಲೇ ಆ ನೆಲಕ್ಕೆ ಬೇಕಾದ ನೀರನ್ನೂ ಮೀಸಲಿಟ್ಟಂತಾಯಿತು, ಆಗ ಬಳಸುತ್ತಿದ್ದರೋ ಇಲ್ಲವೋ ಎಂಬುದು ಮುಖ್ಯವಲ್ಲ. ಆ ಹಕ್ಕಿನ ನೀರು ಬುಡಕಟ್ಟಿನವರ ಗದ್ದೆಗೆ ಮುಟ್ಟಲು ಎಷ್ಟೋ ಕಡೆ ತಲೆಮಾರುಗಳೇ ಕಳೆದವು, ನಿಜ. ಆದರೂ ಹರಿಸದ ನೀರಿಗೂ ಹಕ್ಕುಂಟು ಎಂಬ ಮಾತು ಕಾನೂನಿನಲ್ಲಿ ಉಳಿಯಿತು. ನಾಗಮಂಗಲದವರು ಬುಡಕಟ್ಟಿನವರಲ್ಲ, ಅವರಿಗೆ ಯಾರೂ ನೆಲ ಮೀಸಲಿಟ್ಟಿಲ್ಲ, ಹಾಗಾಗಿ ಹೋಲಿಕೆಯನ್ನು ಬಹಳ ಎಳೆಯಬಾರದು. ಕಾವೇರಿಯ ಕಾಗದಗಳಲ್ಲಿ ಅಂಥ ಒಂದು ಮಾತಿಗೆ ಜಾಗವೇ ಇರಲಿಲ್ಲ ಎಂಬುದಷ್ಟೇ ಇಲ್ಲಿನ ವಿಷಯ.

ಇದಕ್ಕೆ ತಂಜಾವೂರಿನವರ ಉತ್ತರ ಸಿದ್ಧವಿದೆ, ಹಗುರವಾದದ್ದೂ ಅಲ್ಲ: ಹಳೆಯದಕ್ಕೆ ಬೆಲೆಯಿಲ್ಲದಿದ್ದರೆ ನಮ್ಮ ಪುರಾತನ ಕಲ್ಲಣೆಯ ಕೆಳಗಿನ ಗದ್ದೆಗಳ ಗತಿಯೇನು? ಮೇಲಿನವರು ವರ್ಷಕ್ಕೊಂದು ಕಟ್ಟೆ ಕಟ್ಟುತ್ತ ಹೋದರೆ ಕೆಳಗಿನವರು ಉಳಿಯುವುದುಂಟೇ? ಉಳಿಯುವುದಿಲ್ಲ. ಬದುಕು ನಡೆಸುತ್ತಿರುವ ಬೆಳೆಯನ್ನು ಕಾಯಲೇಬೇಕು. ಆದರೆ ಬೆಳೆಯನ್ನು ಕಾಯುವುದು ಬೇರೆ, ಅದಕ್ಕೆ ಹರಿಸುವ ಅಷ್ಟೂ ನೀರನ್ನು ಎಂದೆಂದಿಗೂ ಮುಟ್ಟಬಾರದೆನ್ನುವುದು ಬೇರೆ. ಈ ಮಾತು ಮೆಟ್ಟೂರಿನ ಕೆಳಗೂ ಸಲ್ಲುತ್ತದೆ, ಕನ್ನಂಬಾಡಿಯ ವಿಶ್ವೇಶ್ವರಯ್ಯ ನಾಲೆಯ ತಲೆಭಾಗದ ಕಬ್ಬಿನ ಗದ್ದೆಗೂ ಸಲ್ಲುತ್ತದೆ. ನಮ್ಮಲ್ಲಿ ಮೆಟ್ಟೂರಿನ ವಿಷಯದಲ್ಲಿ ಇದನ್ನು ಗಟ್ಟಿಯಾಗಿ ಹೇಳುವವರು ಕಬ್ಬಿನ ಗದ್ದೆಯ ಮಾತು ಬಂದಾಗ ಮೆಲ್ಲಗೆ ಮಾತು ತೇಲಿಸುತ್ತಾರೆ. ನಾಗಮಂಗಲಕ್ಕೆ ಕೆರೆ ಕಟ್ಟಬೇಡವೆಂದವರು ಯಾರು ಎಂಬ ಪ್ರಶ್ನೆಯೂ ಇದೆ. ಕೆರೆಗೆ ಬರುವುದು ಅದೇ ಸೀಮೆಯ ಮಳೆ. ಕಾವೇರಿ, ಹೇಮಾವತಿಗಳು ಹೊತ್ತು ತರುವುದು ಕೊಡಗು, ಮಲೆನಾಡಿನ ಮುಂಗಾರು. ಇಲ್ಲಿ ಮಳೆ ಕೈಕೊಟ್ಟ ವರ್ಷವೂ ಅಲ್ಲಿ ಸುರಿದಿರಬಹುದು. ನಾಲೆ ಇದ್ದವನಿಗೆ ಎರಡನೆಯ ಆಸರೆ ಇದೆ, ಕೆರೆಯವನಿಗೆ ಇಲ್ಲ.

ಮೊದಲು ಬಂದವರ ನಿಯಮ ಸಡಿಲವಾಗದ್ದೇನೂ ಅಲ್ಲ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಅದರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ನಗರದ ಹೆಚ್ಚಿನ ಭಾಗ ಕಾವೇರಿ ಕೊಳ್ಳದ ಹೊರಗಿದೆ ಎಂದು ನ್ಯಾಯಮಂಡಳಿ ಬಹುಪಾಲು ತಳ್ಳಿಹಾಕಿದ್ದ ಬೇಡಿಕೆಗೆ, ಯಾವ ಹಳೆಯ ನಾಲೆಯ ದಾಖಲೆಯೂ ಇಲ್ಲದೆ, ಅಗತ್ಯವೊಂದರಿಂದಲೇ ನೀರು ಸಿಕ್ಕಿತು. ಉಳಿದ 10 ಟಿಎಂಸಿ ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದು ಬಂದದ್ದು. ಅದನ್ನು ಯಾವ ತಾಲ್ಲೂಕಿನ ಯಾವ ನಾಲೆಗೆ ಹಂಚಬೇಕೆಂಬುದು ದೆಹಲಿಯ ತಲೆನೋವಲ್ಲ, ವಿಧಾನಸೌಧದ್ದು. ಅಲ್ಲಿ ನಾಗಮಂಗಲದ ಎದುರಾಳಿ ತಮಿಳುನಾಡಲ್ಲ, ಪಕ್ಕದ ತಾಲ್ಲೂಕು.